ಆಲ್ಬ್ ಮೇಲಿನ ಹಳ್ಳಿಯಲ್ಲಿ ಮನೆ ಮಾಡಬಹುದೇ? ಅನುಭವ ತಿಳಿಸಿ

ಹೊಸಬ: ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ಕೆಲಸ ಸಿಕ್ಕಿದೆ. ಬಾಡಿಗೆ ಕಡಿಮೆಯೆಂದು ಸ್ವೇಬಿಯನ್ ಆಲ್ಬ್ ಎಂಬ ಪ್ರಸ್ಥಭೂಮಿಯ ಮೇಲಿನ ತ್ಸೈನಿಂಗನ್ ಹಳ್ಳಿಯಲ್ಲಿ ಮನೆ ನೋಡಿದ್ದೇವೆ. ಚಿಕ್ಕ ಮಗುವಿದೆ. ಹವೆ ಹೇಗೆ?

ಶಿರಸಿಯವಳು: ನಾವು ಪಕ್ಕದ ಹಳ್ಳಿ ಬಿಟ್ಟು ಕೆಳಗಿಳಿದವರು. ಅಲ್ಲಿ ಎತ್ತರ ಸುಮಾರು 800 ಮೀಟರ್, ಸ್ಟುಟ್‌ಗಾರ್ಟ್ 250. ಕೆಳಗೆ ಮಳೆಯಾದರೆ ಮೇಲೆ ಹಿಮ. ಹಳೆಯ ಮನೆ, ಬೆಚ್ಚಗಿಡಲು ಎಣ್ಣೆ ಬಾಯ್ಲರ್. 2022ರಲ್ಲಿ ಟ್ಯಾಂಕ್ ತುಂಬಿಸಿದ್ದಕ್ಕೆ 4,000 ಯೂರೋ ದಾಟಿತು. ಮಾರ್ಚ್ ಹೊತ್ತಿಗೆ ತಳ ಕಂಡಿತು. ಅದೇ ವಾರ ಪಂಪ್ ಕೆಟ್ಟು 640 ಯೂರೋ. ಕೊಡುತ್ತೇನೆಂದ ಮಾಲೀಕರು ಇನ್ನೂ ಕೊಟ್ಟಿಲ್ಲ. ಬೆಳಿಗ್ಗೆ ಏಳಕ್ಕೆ ಮೊದಲೇ ಮನೆ ಮುಂದಿನ ಹಿಮ ಬೇರೆ ತೆಗೆಯಬೇಕು.

ಆಲ್ಬ್‌ವಾಸಿ: ಅಕ್ಕಾ, ಬಾಯ್ಲರ್ ಕೆಟ್ಟರೆ ಊರನ್ನೇಕೆ ಬೈಯುತ್ತೀರಿ? ನವೆಂಬರ್‌ನಲ್ಲಿ ತಣ್ಣನೆಯ ಗಾಳಿ ಕಣಿವೆಯಲ್ಲಿ ನಿಂತು ಮಂಜು ಕವಿದು, ಕೆಳಗಿನ ಬಾಡ್ ಉರಾಖ್ ಪಟ್ಟಣದವರು ಮಧ್ಯಾಹ್ನವೂ ದೀಪ ಹಾಕಿಕೊಂಡಿರುತ್ತಾರೆ. ಆಗ ನಮ್ಮ ಅಂಗಳದಲ್ಲಿ ಬಿಸಿಲು, ಕೆಳಗೆ ಮಂಜಿನ ಬಿಳಿ ಸಮುದ್ರ. ಆ ಬಿಸಿಲಿಗಾಗಿಯೇ ನಾನು ಮನೆ ಕೊಂಡಿದ್ದು.

ಶಿರಸಿಯವಳು: ಆ ಗಾಳಿ ಮೇಲಿನ ತಗ್ಗುಗಳಲ್ಲೂ ನಿಲ್ಲುತ್ತದೆ ಸ್ವಾಮೀ. ಜೂನ್‌ನಲ್ಲಿ ಒಂದೇ ರಾತ್ರಿಗೆ ನನ್ನ ಹುರುಳಿಕಾಯಿ ಬಳ್ಳಿ ಕಪ್ಪಾಗಿ ಜೋತುಬಿದ್ದಿತ್ತು. ಬಿಸಿಲು ತೋರಿಸಿ ಮಗುವಿರುವವರನ್ನು ಮೇಲೆ ಹತ್ತಿಸಬೇಡಿ.

ಉಲ್ಮ್‌ನ ಮೇಷ್ಟ್ರು: ಇಬ್ಬರೂ ನೀರನ್ನು ಮರೆತಿರಿ. ಅದು ಸುಣ್ಣಕಲ್ಲಿನ ನೆಲ, ಬಿದ್ದ ಮಳೆಯೆಲ್ಲ ಬಿರುಕಿನಲ್ಲಿ ಇಳಿದುಹೋಗುತ್ತದೆ, ಮೇಲೆ ಹೊಳೆಯಿಲ್ಲ. ಎಂಜಿನಿಯರ್ ಕಾರ್ಲ್ ಎಹ್ಮಾನ್ ಯೋಜನೆಯಿಂದ 1871ರಲ್ಲಿ ಆಲ್ಬ್ ಮೇಲಿನ ಯುಸ್ಟಿಂಗನ್ ಹಳ್ಳಿಗೆ ಕಣಿವೆಯ ನೀರು ಹತ್ತುವವರೆಗೆ ಆಲ್ಬ್ ಜನ ಊರಕೆರೆಯ ನೀರು, ಮಾಡಿನ ನೀರು ನಂಬಿ ಬದುಕಿದರು. ತ್ಸೈನಿಂಗನ್‌ನ ದೊಡ್ಡ ಕೆರೆ ಇಂದಿಗೂ ಊರ ನಡುವೆ ಇದೆ.

ಆಲ್ಬ್‌ವಾಸಿ: ಮೇಷ್ಟ್ರೇ, ಈಗ ನಲ್ಲಿಯಲ್ಲಿ ನೀರು ಬರುತ್ತದೆ. 1871ರ ಕಥೆ ಯಾರಿಗೆ ಬೇಕು? ಇಲ್ಲಿನ ಲೆಂಟಿಲ್ (ಮಸೂರ) ಬೇಳೆಯ ಸಾರಿನ ಮುಂದೆ ನಿಮ್ಮ ಉಲ್ಮ್‌ನ ಅಂಗಡಿಯ ತೊಗರಿಬೇಳೆ ನಿಲ್ಲುವುದಿಲ್ಲ.

ಉಲ್ಮ್‌ನ ಮೇಷ್ಟ್ರು: ಆ ಬೇಳೆಯ ತಳಿಯೇ ನಶಿಸಿತ್ತು. 2006ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ವಾವಿಲೋವ್ ಬೀಜ ಸಂಗ್ರಹದಲ್ಲಿ ಸಿಕ್ಕಿದ್ದರಿಂದ ನಿಮ್ಮ ಸಾರು ಕುದಿಯುತ್ತಿದೆ. ಹಳೆಯ ಕಥೆ ಬೇಕಾಗುತ್ತದೆ.

ಶಿರಸಿಯವಳು: ಲೆಂಟಿಲ್‌ನಲ್ಲಿ ಸಾರು ಮಾಡುವವರ ಜೊತೆ ನನಗೆ ವಾದ ಬೇಡ. ಹೊಸಬರೇ, ಮನೆಗೆ ಸಹಿ ಹಾಕುವ ಮೊದಲು ಕಳೆದ ಮೂರು ವರ್ಷದ ಎಣ್ಣೆ ಬಿಲ್ ಕೇಳಿ ನೋಡಿ.