ಕೀಪಾಸ್‌ಎಕ್ಸ್‌ಸಿ (ಪಾಸ್‌ವರ್ಡ್ ಮ್ಯಾನೇಜರ್) ಓಪನ್ ಇದೆ, ಆದರೂ ಬ್ರೌಸರ್ ಎಕ್ಸ್‌ಟೆನ್ಶನ್ ಕನೆಕ್ಟ್ ಆಗ್ತಿಲ್ಲ

ಕೀಲಿಗೊಂಚಲು:
ತಲೆ ಕೆಟ್ಟುಹೋಗಿದೆ. ಡೇಟಾಬೇಸ್ ಅನ್‌ಲಾಕ್ ಆಗಿದೆ, ಸೆಟ್ಟಿಂಗ್ಸ್‌ನಲ್ಲಿ ಬ್ರೌಸರ್ ಇಂಟಿಗ್ರೇಶನ್ ಆನ್ ಇದೆ, ಫೈರ್‌ಫಾಕ್ಸ್‌ಗೆ ಟಿಕ್ ಹಾಕಿದೆ. ಎಕ್ಸ್‌ಟೆನ್ಶನ್ ಐಕಾನ್ ಮೇಲೆ ಮಾತ್ರ ಕೆಂಪು ಗುರುತು ಹೋಗ್ತಾನೇ ಇಲ್ಲ. ರೀಲೋಡ್ ಒತ್ತಿದರೂ ಅದೇ ರಾಗ. ತೆಗೆದು ಮತ್ತೆ ಹಾಕಿಯೂ ಆಯ್ತು. ಇದೇ ಡೇಟಾಬೇಸ್ ಹಳೆಯ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ನಡೀತಿದೆ. ಏನು ಮಾಡಲಿ?

ಪೋರ್ಟ್‌ಪಾಲಕ:
ಫೈರ್‌ವಾಲ್ ಸಮಸ್ಯೆ. ಲೋಕಲ್‌ಹೋಸ್ಟ್‌ನಲ್ಲಿ 19455 ಪೋರ್ಟ್ ಬಿಟ್ಟುಕೊಡಿ, ಸರಿಹೋಗುತ್ತೆ.

ಸಾಕೆಟ್‌ಸಖ:
ಅದು ಹಳೆಯ ಕೀಪಾಸ್‌ಎಚ್‌ಟಿಟಿಪಿ (ಬ್ರೌಸರ್ ಜೋಡಣೆಯ ಹಿಂದಿನ ವಿಧಾನ) ಕಾಲದ ಪೋರ್ಟ್ ಸರ್. 2018ರ 2.3 ಆವೃತ್ತಿಯಲ್ಲೇ ನೇಟಿವ್ ಮೆಸೇಜಿಂಗ್ (ಎಕ್ಸ್‌ಟೆನ್ಶನ್ ಹೊರಗಿನ ಆ್ಯಪ್ ಜೊತೆ ಮಾತಾಡುವ ಬ್ರೌಸರಿನದೇ ವ್ಯವಸ್ಥೆ) ಬಂತು. ಈಗ ಎಕ್ಸ್‌ಟೆನ್ಶನ್ ಕೇಳಿದಾಗ ಬ್ರೌಸರ್ ಒಂದು ಜೇಸನ್ ಮ್ಯಾನಿಫೆಸ್ಟ್ (ಯಾವ ಪ್ರೋಗ್ರಾಮ್ ಎಲ್ಲಿದೆ ಅಂತ ಹೇಳುವ ಸಣ್ಣ ಫೈಲ್) ಓದುತ್ತೆ, ಅದರಲ್ಲಿ ಬರೆದಿರುವ ಪ್ರಾಕ್ಸಿ (ಮಧ್ಯವರ್ತಿ) ಪ್ರೋಗ್ರಾಮನ್ನು ತಾನೇ ಶುರು ಮಾಡುತ್ತೆ. ಆ ಪ್ರಾಕ್ಸಿ ಲಿನಕ್ಸ್‌ನಲ್ಲಾದರೆ ಯೂನಿಕ್ಸ್ ಸಾಕೆಟ್, ವಿಂಡೋಸ್‌ನಲ್ಲಾದರೆ ನೇಮ್ಡ್ ಪೈಪ್ (ಎರಡೂ ಪ್ರೋಗ್ರಾಮ್‌ಗಳ ನಡುವೆ ಮಾತು ಸಾಗುವ ಹಾದಿಗಳು) ಹಿಡಿದು ಆ್ಯಪ್ ಜೊತೆ ಮಾತಾಡುತ್ತೆ. ಟಿಸಿಪಿ ಪೋರ್ಟ್ ಎಲ್ಲೂ ಬರೋದಿಲ್ಲ.

ಪೋರ್ಟ್‌ಪಾಲಕ:
ಇರಬಹುದು. ಫೈರ್‌ವಾಲ್ ಒಮ್ಮೆ ಪೂರ್ತಿ ನಿಲ್ಲಿಸಿ ನೋಡೋದರಲ್ಲಿ ನಷ್ಟವೇನು? ಆಂಟಿವೈರಸ್ ಕೂಡ ಆಫ್ ಮಾಡಿ.

ಕೀಲಿಗೊಂಚಲು:
ಫೈರ್‌ವಾಲ್ ನಿಲ್ಲಿಸಿದೆ. ವ್ಯತ್ಯಾಸ ಇಲ್ಲ.

ಮ್ಯಾನಿಫೆಸ್ಟ್‌ಮಿತ್ರ:
ಫೈರ್‌ವಾಲ್ ಮತ್ತೆ ಆನ್ ಮಾಡಿಬಿಡಿ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಯಾವ ಓಎಸ್? ಫೈರ್‌ಫಾಕ್ಸ್ ಹೇಗೆ ಬಂದದ್ದು: ಡೆಬ್, ಸ್ನ್ಯಾಪ್, ಫ್ಲಾಟ್‌ಪ್ಯಾಕ್ (ಲಿನಕ್ಸ್‌ನ ಪ್ಯಾಕೇಜ್ ರೂಪಗಳು)? ಕೀಪಾಸ್‌ಎಕ್ಸ್‌ಸಿ ಯಾವ ರೂಪದಲ್ಲಿದೆ? ಇದಿಷ್ಟು ಗೊತ್ತಿಲ್ಲದೆ ಯಾರು ಏನೇ ಹೇಳಿದರೂ ಬರೀ ಊಹೆ.

ಹಾಗೇ ಹೋಮ್ ಫೋಲ್ಡರಿನ ಡಾಟ್ ಮೊಜಿಲ್ಲಾ ಒಳಗೆ ನೇಟಿವ್-ಮೆಸೇಜಿಂಗ್-ಹೋಸ್ಟ್ಸ್ ಅನ್ನೋ ಫೋಲ್ಡರ್ ಇದೆಯಾ, ಅದರಲ್ಲಿ ಕೀಪಾಸ್‌ಎಕ್ಸ್‌ಸಿ ಹೆಸರಿನ ಜೇಸನ್ ಫೈಲ್ ಇದೆಯಾ ನೋಡಿ. ತೆರೆದು 'ಪಾತ್' ಸಾಲಿನಲ್ಲಿರುವ ಫೈಲ್ ನಿಜಕ್ಕೂ ಅಲ್ಲಿದೆಯಾ, ಎಕ್ಸಿಕ್ಯೂಟ್ ಪರ್ಮಿಷನ್ ಇದೆಯಾ ಅಂತಲೂ ಪರೀಕ್ಷಿಸಿ. ಲಿನಕ್ಸ್‌ನಲ್ಲಿ ಪೂರ್ಣ ಪಾತ್ ಇರಲೇಬೇಕು.

ಕೀಲಿಗೊಂಚಲು:
ಉಬುಂಟು 22.04. ಫೈರ್‌ಫಾಕ್ಸ್ ಅದರ ಜೊತೆಗೇ ಬಂದದ್ದು. ಕೀಪಾಸ್‌ಎಕ್ಸ್‌ಸಿ ಆ್ಯಪ್‌ಇಮೇಜ್ (ಇನ್‌ಸ್ಟಾಲ್ ಬೇಡದ ಒಂದೇ ಫೈಲ್). ಜೇಸನ್ ಫೈಲ್ ಇದೆ, ಪಾತ್ ಸರಿಯಿದೆ. ಕನ್ಸೋಲ್‌ನಲ್ಲಿ 'ನೋ ಸಚ್ ನೇಟಿವ್ ಅಪ್ಲಿಕೇಶನ್' ಅಂತಿದೆ.

ಮ್ಯಾನಿಫೆಸ್ಟ್‌ಮಿತ್ರ:
ಮೊದಲೇ ಹೇಳಬೇಕಾದ ಮಾತು ಇದು. 22.04ರ ಜೊತೆ ಬರೋ ಫೈರ್‌ಫಾಕ್ಸ್ ಸ್ನ್ಯಾಪ್. ಅದು ಸ್ಯಾಂಡ್‌ಬಾಕ್ಸ್ ಒಳಗಿರುತ್ತೆ, ಹೊರಗಿನ ಪ್ರೋಗ್ರಾಮನ್ನು ನೇರವಾಗಿ ಶುರು ಮಾಡಲಾರದು. ಎಕ್ಸ್‌ಡಿಜಿ ಡೆಸ್ಕ್‌ಟಾಪ್ ಪೋರ್ಟಲ್ ಅನ್ನೋ ಸಿಸ್ಟಮ್ ಸೇವೆ ಅದರ ಪರವಾಗಿ ಶುರು ಮಾಡಬೇಕು. ಮೊದಲ ಸಲ ಎಕ್ಸ್‌ಟೆನ್ಶನ್ ಕೇಳಿದಾಗ ಅನುಮತಿಯ ಡಬ್ಬಿಯೊಂದು ಬರುತ್ತೆ. ಅಲ್ಲಿ ಕೊಟ್ಟ ಉತ್ತರ ಉಳಿದುಬಿಡುತ್ತೆ. 'ಬೇಡ' ಅಂತ ದಾಖಲಾಗಿದ್ದರೆ ಎಕ್ಸ್‌ಟೆನ್ಶನ್ ನೂರು ಸಲ ತೆಗೆದುಹಾಕಿದರೂ ಅದು ಅಳಿಸೋದಿಲ್ಲ, ಯಾಕೆಂದರೆ ಅದು ಇರೋದು ಬ್ರೌಸರ್ ಪ್ರೊಫೈಲ್‌ನಲ್ಲಲ್ಲ, ಸಿಸ್ಟಮ್ಮಿನ ಪರ್ಮಿಷನ್ ಸ್ಟೋರ್‌ನಲ್ಲಿ.

ಆ ಸ್ಟೋರ್ ನೋಡಲು ಫ್ಲಾಟ್‌ಪ್ಯಾಕ್ ಟೂಲ್ ಹಾಕಿಕೊಂಡು ಟರ್ಮಿನಲ್‌ನಲ್ಲಿ 'ಫ್ಲಾಟ್‌ಪ್ಯಾಕ್ ಪರ್ಮಿಷನ್ಸ್ ವೆಬ್‌ಎಕ್ಸ್‌ಟೆನ್ಶನ್ಸ್' ಕೊಡಿ. ಸ್ನ್ಯಾಪ್ ಡಾಟ್ ಫೈರ್‌ಫಾಕ್ಸ್ ಎದುರು 'ನೋ' ಇದ್ದರೆ ಸಿಕ್ಕಿಬಿತ್ತು. ಪರ್ಮಿಷನ್-ಸೆಟ್ ಕಮಾಂಡಿನಿಂದ 'ಯೆಸ್' ಮಾಡಿ, ಫೈರ್‌ಫಾಕ್ಸ್ ಪೂರ್ತಿ ಮುಚ್ಚಿ ತೆರೆಯಿರಿ.

ಡೆಬ್‌ಭಕ್ತ:
ಇಷ್ಟೆಲ್ಲ ಯಾಕೆ? ಸ್ನ್ಯಾಪ್ ತೆಗೆದು ಎಪಿಟಿಯಿಂದ (ಉಬುಂಟುವಿನ ಡೆಬ್ ಇನ್‌ಸ್ಟಾಲ್ ಮಾಡುವ ಟೂಲ್) ಫೈರ್‌ಫಾಕ್ಸ್ ಹಾಕಿ, ಮುಗೀತು.

ಸಾಕೆಟ್‌ಸಖ:
ಮುಗಿಯೋದಿಲ್ಲ. ಉಬುಂಟು ರೆಪೊದಲ್ಲಿರುವ (ಪ್ಯಾಕೇಜ್ ಭಂಡಾರ) ಫೈರ್‌ಫಾಕ್ಸ್ ಡೆಬ್ ಒಳಗೆ ಬ್ರೌಸರೇ ಇಲ್ಲ, ಅದು ಸ್ನ್ಯಾಪನ್ನೇ ಮತ್ತೆ ಎಳೆದು ತರುತ್ತೆ. ಮೊಜಿಲ್ಲಾದ ಎಪಿಟಿ ರೆಪೊ ಸೇರಿಸಿ, ಅದಕ್ಕೇ ಆದ್ಯತೆ ಸಿಗುವಂತೆ ಪಿನ್ ಪ್ರಯಾರಿಟಿ 1000 ಕೊಡಬೇಕು. ಪ್ರೊಫೈಲ್ ಕೂಡ ತಾನಾಗಿ ಬರೋದಿಲ್ಲ. ಹೋಮ್‌ನ ಸ್ನ್ಯಾಪ್, ಫೈರ್‌ಫಾಕ್ಸ್, ಕಾಮನ್ ಹಾದಿಯಲ್ಲಿರುವ ಡಾಟ್ ಮೊಜಿಲ್ಲಾದಿಂದ ಕಾಪಿ ಮಾಡಿಕೊಳ್ಳಬೇಕು. ಅರ್ಧ ಸಲಹೆ ಕೊಟ್ಟರೆ ಜನ ಬುಕ್‌ಮಾರ್ಕ್ ಕಳ್ಕೊಂಡೆವು ಅಂತ ಗಾಬರಿ ಬೀಳ್ತಾರೆ.

ಡೆಬ್‌ಭಕ್ತ:
ಪಿನ್ ಮಾಡೋದು ಎಲ್ಲರಿಗೂ ಗೊತ್ತಿರೋದೇ. ಸ್ನ್ಯಾಪ್ ನಿಧಾನ ಅನ್ನೋದನ್ನೂ ಒಪ್ಪಿಕೊಳ್ಳಿ.

ಮ್ಯಾನಿಫೆಸ್ಟ್‌ಮಿತ್ರ:
@ಕೀಲಿಗೊಂಚಲು, ಏನಾಯ್ತು?

ಕೀಲಿಗೊಂಚಲು:
'ನೋ' ಅಂತಲೇ ಇತ್ತು! 'ಯೆಸ್' ಮಾಡಿದ ಮೇಲೆ ಕೆಂಪು ಗುರುತು ಹೋಯ್ತು, ಡೇಟಾಬೇಸ್ ಜೋಡಣೆಗೆ ಹೆಸರು ಕೇಳ್ತು. ತುಂಬಾ ಧನ್ಯವಾದ. ಒಂದು ಪ್ರಶ್ನೆ: ಹೊಸ ಆ್ಯಪ್‌ಇಮೇಜ್ ಇಳಿಸಿದರೆ ಮತ್ತೆ ಇದೇ ಕಥೆನಾ?

ಮ್ಯಾನಿಫೆಸ್ಟ್‌ಮಿತ್ರ:
ಅನುಮತಿ ಉಳಿಯುತ್ತೆ. ಆದರೆ ಹೊಸ ಆವೃತ್ತಿಯ ಫೈಲಿನ ಹೆಸರೇ ಬೇರೆ, ಮ್ಯಾನಿಫೆಸ್ಟ್ ಮಾತ್ರ ಹಳೆಯ ಫೈಲನ್ನೇ ತೋರಿಸ್ತಿರುತ್ತೆ. ಬ್ರೌಸರ್ ಇಂಟಿಗ್ರೇಶನ್‌ನ ಅಡ್ವಾನ್ಸ್‌ಡ್ ಟ್ಯಾಬ್‌ನಲ್ಲಿ, ಶುರುವಾಗುವಾಗ ಮ್ಯಾನಿಫೆಸ್ಟ್ ಅಪ್‌ಡೇಟ್ ಮಾಡುವ ಆಯ್ಕೆಗೆ ಟಿಕ್ ಇರಲಿ. ಹೊಸದನ್ನು ಒಮ್ಮೆ ತೆರೆದ ಮೇಲೆ ಹಳೆಯದನ್ನು ಅಳಿಸಿ.

ಪೋರ್ಟ್‌ಪಾಲಕ:
ಕ್ರೋಮಿಯಂ ಸ್ನ್ಯಾಪ್‌ಗೂ ಇದೇ ಕಮಾಂಡ್ ನಡೆಯುತ್ತಾ?