ಕೊನೇ ಪಂಕ್ತಿಗೆ ಕೂತವರು

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅಂತಾರೆ. ದಾವಣಗೆರೆ ಚಳಿಗೆ ಓಡೋಕೆ ಬೇಕಾದಷ್ಟು ಮೈಯೂ ಇರೋದಿಲ್ಲ, ಪಿ.ಬಿ. ರೋಡ್ ದಾಟೋದ್ರೊಳಗೆ ಕರಗಿರುತ್ತೆ. ಅಂಥಾ ಊರಲ್ಲಿ, ಹಳೇಪೇಟೆ ಗುಡಿ ಕಟ್ಟೆ ಮೇಲೆ, 2026ರ ಜಾಗರಣೆ ರಾತ್ರಿ ನಾವು ನಾಲ್ಕೈದು ಜನ ಟವೆಲ್ಲಲ್ಲಿ ಗಾಳಿ ಬೀಸಿಕೊಳ್ತಾ ಇಟಲಿಯ ಹಿಮದ ಬಗ್ಗೆ ಜಗಳಾಡಿದ್ವಿ. ಕಾರಣ ಮಂಜನ ಮೊಬೈಲು.

"ಬ್ರೆಜಿಲ್‌ಗೆ ಚಿನ್ನ ಬಂತು ಮಾಮ" ಅಂದ ಮಂಜ.

"ಫುಟ್‌ಬಾಲಾ?" ಅಂದ ಕಂಡಕ್ಟರ್ ಬಸಣ್ಣ, ಕಣ್ಣು ತೆರೆಯದೆ. ರಿಟೈರ್ ಆಗಿ ವರ್ಷಗಳಾದ್ರೂ ಕೂತಲ್ಲೇ ತೂಗಾಡ್ತಾ ನಿದ್ದೆ ಹೊಡೆಯೋ ವಿದ್ಯೆ ಅವನಿಗೆ ಮರೆತಿಲ್ಲ.

"ಸ್ಕೀಯಿಂಗು. ಕಾಲಿಗೆ ಉದ್ದನೆ ಪಟ್ಟಿ ಕಟ್ಕೊಂಡು ಹಿಮದ ಇಳಿಜಾರಿನಾಗೆ ಜಾರೋದು. ಅದರಾಗೆ ಗಂಡಸರ ಜೈಂಟ್ ಸ್ಲಾಲಂ. ನಿನ್ನೆ, 14ನೇ ತಾರೀಕು, ಇಟಲಿಯ ಬೊರ್ಮಿಯೋದಲ್ಲಿ. ಚಳಿಗಾಲದ ಒಲಿಂಪಿಕ್ಸು."

ಬಸಣ್ಣನ ಕಣ್ಣು ಬಿಟ್ಟವು. "ಬ್ರೆಜಿಲ್‌ನಾಗೆ ಹಿಮ ಎಲ್ಲೈತಲೇ?"

"ಹುಡುಗನ ಹೆಸರು ಲೂಕಸ್ ಪಿನ್ಹೇರೊ ಬ್ರಾಥನ್. ಅಪ್ಪ ನಾರ್ವೆಯವನು, ಅಮ್ಮ ಬ್ರೆಜಿಲ್‌ನೋಳು. ಮೊದಲು ನಾರ್ವೆ ಪರವಾಗೇ ಇಳೀತಿದ್ದ. ಅಲ್ಲಿನ ಫೆಡರೇಷನ್ ಜೊತೆ ಸರಿಹೋಗದೆ 2023ರಲ್ಲಿ ಆಟಾನೇ ಬಿಟ್ಟ. ಮರುವರ್ಷ ಅಮ್ಮನ ದೇಶದ ಬಾವುಟ ಹಿಡ್ಕೊಂಡು ವಾಪಸ್ ಬಂದ. ದಕ್ಷಿಣ ಅಮೆರಿಕಕ್ಕೆ ಚಳಿಗಾಲದ ಒಲಿಂಪಿಕ್ಸ್‌ನಾಗೆ ಇದೇ ಮೊಟ್ಟಮೊದಲ್ನೇ ಪದಕ."

"ಅಪ್ಪನ ಮನೇಲಿ ಮುನಿಸ್ಕೊಂಡು ಅವ್ವನ ತವರಿಗೆ ಹೋಗಿ ಗೆದ್ದ ಅನ್ನು" ಅಂದ ತಿಪ್ಪೇಶಿ.

ತಿಪ್ಪೇಶಿ ದುರ್ಗದ ಕಡೆಯವನು, ಮದುವೆ ಅಡುಗೆ ಕಂಟ್ರಾಕ್ಟರು. ಬೆಳಗಿನ ಪ್ರಸಾದದ ಅಡುಗೆ ಅವನದೇ ಆದ್ದರಿಂದ ನಮ್ಮ ಜೊತೆ ಕೂತಿದ್ದ. ಉಪವಾಸದ ರಾತ್ರಿ ಅಡುಗೆಯವನನ್ನ ಮಾತ್ರ ಪಕ್ಕದಲ್ಲಿ ಕೂರಿಸಿಕೊಳ್ಳಬಾರದು. ಸುಮ್ಮನಿದ್ರೂ ಅವನ ಅಂಗಿಯಿಂದ ಒಗ್ಗರಣೆ ವಾಸನೆ ಬರ್ತಿರುತ್ತೆ.

"ಅದೇನು ಆಟ ಅಂತ ಸರಿಯಾಗಿ ಹೇಳಲೇ" ಅಂದ ಬಸಣ್ಣ. ಮಂಜ ಬಾಯಿ ತೆರೆಯೋಕೆ ಮೊದಲೇ ಮೇಷ್ಟ್ರು ಎದ್ದು ಕೂತ್ರು. ಅವರು ಹೈಸ್ಕೂಲಲ್ಲಿ ಗಣಿತ ಹೇಳಿಕೊಟ್ಟವರು. ಯಾರಾದ್ರೂ 'ಸರಿಯಾಗಿ' ಅಂದ್ರೆ ಅವರಿಗೆ ತಡೆಯೋಕಾಗಲ್ಲ. ಫಲಾಹಾರದ ತಟ್ಟೆಯಿಂದ ಖರ್ಜೂರದ ಬೀಜ ಆರಿಸಿ ಕಟ್ಟೆ ಮೇಲೆ ಎಡಕ್ಕೊಂದು ಬಲಕ್ಕೊಂದು ಇಡ್ತಾ ಹೋದ್ರು.

"ಇವು ಗೇಟುಗಳು, ಅಂದ್ರೆ ಹಿಮದಲ್ಲಿ ನೆಟ್ಟ ಕಂಬಗಳು. ಒಂದು ಕೆಂಪು, ಒಂದು ನೀಲಿ, ಮತ್ತೆ ಕೆಂಪು. ಮೇಲಿಂದ ಇಳಿದು ಬರೋನು ಒಂದನ್ನೂ ಬಿಡದೆ ದಾಟಬೇಕು. ಒಂದು ತಪ್ಪಿದ್ರೂ ಲೆಕ್ಕಕ್ಕಿಲ್ಲ. ಗಂಡಸರಿಗೆ ಮೇಲಿಂದ ಕೆಳಕ್ಕೆ 250ರಿಂದ 450 ಮೀಟರ್ ಎತ್ತರದ ವ್ಯತ್ಯಾಸ ಇರಬೇಕು ಅಂತ ನಿಯಮ. ಗೇಟಿನ ಸಂಖ್ಯೆ ಅದರ ಶೇಕಡಾ 11ರಿಂದ 15. ಈಗ 400 ಮೀಟರ್ ಅಂತ ಇಟ್ಕೊಳ್ಳಿ, ಎಷ್ಟು ಗೇಟು?"

ಕಟ್ಟೆ ಮೇಲೆ ಕ್ಲಾಸಿನ ಮೌನ. ಕೊನೆಗೆ ಅವರೇ ಹೇಳಿದ್ರು: "44ರಿಂದ 60."

"ಬೀಜ ಸಾಲಲ್ಲ ಹಂಗಾದ್ರೆ" ಅಂತ ಬಸಣ್ಣ ತಟ್ಟೆ ಹತ್ತಿರಕ್ಕೆಳೆದುಕೊಂಡು ಖರ್ಜೂರ ತಿನ್ನೋಕೆ ಶುರು ಮಾಡಿದ. ಒಂದೊಂದು ತಿಂದಾಗಲೂ ಬೀಜ ಒರೆಸಿ ಮೇಷ್ಟ್ರ ಕೈಗೆ ಕೊಡ್ತಿದ್ದ. ಆಟಕ್ಕೆ ಬೇಕಲ್ಲ ಅಂತ ಯಾರೂ ಏನೂ ಅನ್ನಲಿಲ್ಲ.

"ಎರಡು ಓಟ. ಒಂದನೇ ಓಟ ಮುಗಿದ ಮೇಲೆ ಈ ಬೀಜ ಎಲ್ಲ ತೆಗೆದು ಬೇರೆ ರೀತಿ ಜೋಡಿಸ್ತಾರೆ. ಎರಡರ ಸಮಯ ಕೂಡಿಸಿ ಯಾರದ್ದು ಕಡಿಮೆಯೋ ಅವನು ಗೆದ್ದ. ಆ ದಾರಿಯಲ್ಲಿ ಪ್ರಾಕ್ಟೀಸ್ ಮಾಡೋ ಹಾಗಿಲ್ಲ. ಬೆಳಿಗ್ಗೆ ಹೋಗಿ ನಿಧಾನಕ್ಕೆ ಪಕ್ಕದಲ್ಲಿ ಜಾರಿಕೊಂಡು ನೋಡಿ ಬಾಯಿಪಾಠ ಮಾಡ್ಕೋಬೇಕು."

"ವಿಸಲ್ ಯಾರು ಹೊಡೀತಾರೆ?" ಇದು ಬಸಣ್ಣನಿಗೆ ಮುಖ್ಯವಾದ ಪ್ರಶ್ನೆ.

"ವಿಸಲ್ ಇಲ್ಲ ಮಾಮ" ಅಂದ ಮಂಜ. "ಕಾಲಿನ ಮುಂದೆ ಒಂದು ಕಡ್ಡಿ ಅಡ್ಡ ಇರ್ತೈತೆ. ಮೊಣಕಾಲಿನ ಕೆಳಗೆ ಅದು ತಾಗಿ ತೆರ್ಕೊಂಡಾಗಿಂದ ಗಡಿಯಾರ ಶುರು."

"ಅದು ನ್ಯಾಯ. ಗಾಡಿ ಬಿಟ್ಟಾಗಿಂದ ಟೈಮ್ ಹಿಡೀಬೇಕು, ಬೋರ್ಡಿನಾಗೆ ಬರೆದಾಗಿಂದ ಅಲ್ಲ."

ಒಂದೇ ಇಳಿಜಾರಿನ ಆಟದಲ್ಲಿ ಎಷ್ಟು ಬಗೆ! ಡೌನ್‌ಹಿಲ್ ಅಂದ್ರೆ ಜೀವದ ಆಸೆ ಬಿಟ್ಟು ಬೀಳೋ ವೇಗದಲ್ಲೇ ಇಳಿಯೋದು. ಬರೀ ಸ್ಲಾಲಂನಲ್ಲಿ ಗೇಟುಗಳು ಒತ್ತೊತ್ತಾಗಿರುತ್ತವೆ, ಕಾಲು ಪಟಪಟ ಆಡಬೇಕು. ಜೈಂಟ್ ಸ್ಲಾಲಂ ಇವೆರಡರ ನಡುವೆ. ನನ್ನ ಕೇಳಿದ್ರೆ ನೋಡೋಕೆ ಇದೇ ಚೆಂದ. ಡೌನ್‌ಹಿಲ್ ನೋಡುವಾಗ ನನಗೆ ಎದೆ ಹೊಡ್ಕೊಳ್ಳುತ್ತೆ, ಸ್ಲಾಲಂ ಕಣ್ಣಿಗೆ ನಿಲ್ಲಲ್ಲ. ಇದರಲ್ಲಿ ಆಳು ಸೊಂಟ ಹಿಮಕ್ಕೆ ತಾಗೋ ಹಾಗೆ ವಾಲಿ, ಆ ವಾಲಿಕೆಯಿಂದಲೇ ಮುಂದಿನ ತಿರುವಿಗೆ ಎದ್ದು ಬರ್ತಾನಲ್ಲ, ಅದನ್ನ ಎಷ್ಟು ಹೊತ್ತು ನೋಡಿದ್ರೂ ಬೇಜಾರಿಲ್ಲ. ಕಾಮೆಂಟರಿ ಮಾತ್ರ ಮ್ಯೂಟ್ ಮಾಡ್ಕೋಬೇಕು. ಕಾಲಿಗೆ ಕಟ್ಟಿದ ಸ್ಕೀ ಗಂಡಸರಿಗೆ 193 ಸೆಂಟಿಮೀಟರ್‌ಗೆ ಕಮ್ಮಿ ಇರೋ ಹಾಗಿಲ್ಲ. ಅಂದ್ರೆ ಬಸಣ್ಣನಿಗಿಂತ ಉದ್ದ. ಅಂಥವೆರಡನ್ನ ಓರೆ ಮಾಡಿ, ಅಂಚಿನ ಮೇಲೆ ನಿಂತು, ಆ ವೇಗದಲ್ಲಿ ತಿರುಗಿಸೋದು ಹುಡುಗಾಟಿಕೆ ಅಲ್ಲ.

"ಹಿಮ ಅಂದ್ರೆ ಮೆತ್ತಗಿರ್ತೈತಲ್ಲ, ಬಿದ್ರೆ ಏನಾಗ್ತೈತೆ?" ಅಂದ ತಿಪ್ಪೇಶಿ.

"ಮೆತ್ತಗಿದ್ರೆ ರೇಸ್ ಮಾಡೋಕಾಗಲ್ಲ ತಿಪ್ಪೇಶಣ್ಣ. ಹಿಮದೊಳಕ್ಕೆ ಪೈಪಿನಿಂದ ನೀರು ಬಿಟ್ಟು ಕಲ್ಲು ಮಾಡಿರ್ತಾರೆ. ನಿಲ್ಲೋಕೇ ಆಗಲ್ಲ, ಜಾರೋ ಗಾಜು."

"ಹಿಮ ಇರೋ ಕಡೆ ಅದನ್ನ ಹಾಳು ಮಾಡೋಕೆ ನೀರು ಬೇರೆ ಬಿಡ್ತಾರಾ! ಇಲ್ಲಿ ನಮಗೆ ಕುಡಿಯೋಕೆ ವಾರಕ್ಕೊಂದ್ಸಲ..." ಅಂತ ಬಸಣ್ಣ ಶುರು ಮಾಡಿದ. ಆ ದಾರಿಗೆ ಹೋದ್ರೆ ಜಾಗರಣೆ ಮೂರು ರಾತ್ರಿ ಆಗುತ್ತೆ ಅಂತ ಮೇಷ್ಟ್ರು ಕೈ ಎತ್ತಿ ತಡೆದ್ರು.

"ಮೊದಲ್ನೇಯವನು ಇಳಿದ ದಾರಿ ಇಪ್ಪತ್ತನೇಯವನು ಬರೋದ್ರೊಳಗೆ ಕಿತ್ತುಹೋಗಬಾರದು, ಅದಕ್ಕೆ ನೀರು. ಆದ್ರೂ ಕಿತ್ತುಹೋಗುತ್ತೆ. ಗೇಟಿನ ಹತ್ತಿರ ಎಲ್ಲರೂ ಅಲ್ಲೇ ತಿರುಗಬೇಕಲ್ಲ, ಸ್ಕೀ ಅಂಚು ಕೊರೆದು ಕೊರೆದು ಗುಂಡಿ ಬೀಳುತ್ತೆ."

"ಹೋಗ್ಲಿ, ನಮ್ಮೋರು ಯಾರೂ ಇಲ್ವಾ ಇದರಾಗೆ? ನಮ್ಮ ಶಿವ ಕೂತಿರೋದೇ ಹಿಮದ ಮೇಲೆ. ಹೆಂಡ್ತಿ ಹಿಮವಂತನ ಮಗಳು. ಇಷ್ಟಿದ್ದೂ ಒಂದು ಪದಕ ಇಲ್ಲ ಅಂದ್ರೆ!" ಅಂದ ಬಸಣ್ಣ.

"ಯಾಕಿಲ್ಲ, ಆರಿಫ್ ಖಾನ್ ಇದಾನೆ" ಅಂದ ಮಂಜ. "ಕಾಶ್ಮೀರದವನು. ಗುಲ್ಮಾರ್ಗ್‌ನಾಗೆ ಅವರಪ್ಪ ಸ್ಕೀ ಸಾಮಾನಿನ ಅಂಗಡಿ ಇಟ್ಟಿದ್ರು. 2022ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ಗೆ ಇಡೀ ದೇಶದಿಂದ ಹೋಗಿದ್ದು ಇವನೊಬ್ಬನೇ. ಬಾವುಟ ಹಿಡಿದೋನೂ ಇವನೇ, ಅದರ ಹಿಂದೆ ನಡೆದ ಆಟಗಾರನೂ ಇವನೇ."

"ಎಷ್ಟನೇಯವನು ಬಂದ?"

"ಜೈಂಟ್ ಸ್ಲಾಲಂನಾಗೆ 45ನೇಯವನು."

ಬಸಣ್ಣ ಇನ್ನೊಂದು ಖರ್ಜೂರ ಬಾಯಿಗೆ ಹಾಕ್ಕೊಂಡ. "45! ಇದನ್ನ ಹೇಳೋಕೆ ನನ್ನ ಎಬ್ಬಿಸಿದ್ಯಾ?"

"ಗೆದ್ದ ಸ್ವಿಟ್ಜರ್ಲೆಂಡಿನ ಮಾರ್ಕೊ ಒಡರ್‌ಮಾಟ್‌ಗೂ ಇವನಿಗೂ ಎರಡು ಓಟ ಸೇರಿ 37.89 ಸೆಕೆಂಡ್ ವ್ಯತ್ಯಾಸ" ಅಂದ್ರು ಮೇಷ್ಟ್ರು. ಅವರು ಸಮಾಧಾನ ಹೇಳ್ತಿದ್ದಾರೋ ಗಾಯಕ್ಕೆ ಉಪ್ಪು ಸವರ್ತಿದ್ದಾರೋ ಗೊತ್ತಾಗಲಿಲ್ಲ. "ಒಡರ್‌ಮಾಟ್‌ಗೂ ಎರಡನೇಯವನಿಗೂ ಇದ್ದಿದ್ದು 0.19 ಸೆಕೆಂಡ್."

"ಅರ್ಧ ನಿಮಿಷದ ಮೇಲೆ ಲೇಟು! ಅಷ್ಟೊತ್ತಿನಾಗೆ ನಾನು ಗಾಂಧಿ ಸರ್ಕಲ್ ಟಿಕೆಟ್ ಎಲ್ಲ ಹರಿದು ಮುಗಿಸ್ತಿದ್ದೆ."

ಆಗ ತಿಪ್ಪೇಶಿ ಗಂಟಲು ಸರಿಮಾಡ್ಕೊಂಡ. ಅಲ್ಲಿವರೆಗೂ ಅವನಿಗೆ ಆಟ ಅರ್ಥವಾಗಿದೆ ಅಂತ ನಮಗ್ಯಾರಿಗೂ ಅನಿಸಿರಲಿಲ್ಲ.

"ಮಂಜ, ಅವನು ಇಳಿದಿದ್ದು ಎಷ್ಟೊತ್ತಿಗೆ? ಮೊದಲಿಗೋ, ಕೊನೆಗೋ?"

"ಕೊನೇ ಕೊನೆಗೆ. ರ‍್ಯಾಂಕಿಂಗ್‌ನಾಗೆ ಮುಂದಿರೋರು ಮೊದಲು, ಹಿಂದಿರೋರು ಕೊನೆಗೆ. ಅವತ್ತು ಒಟ್ಟು 89 ಜನ ಇದ್ರು."

"ಬಸಣ್ಣ, ಮದುವೆಗೆ ಹೋದ್ರೆ ನೀನು ಎಷ್ಟನೇ ಪಂಕ್ತಿಗೆ ಕೂರ್ತೀಯ?"

"ಮೊದಲ್ನೇದಕ್ಕೆ. ಅಕ್ಕಿಕಾಳು ಬೀಳೋಕೆ ಮುಂಚೇನೇ."

"ಯಾಕೆ?"

"ಯಾಕಂದ್ರೆ ಏನಲೇ? ಪಲ್ಯ ಬಿಸಿ ಇರ್ತೈತೆ. ಹೋಳಿಗೆ ಮೇಲೆ ತುಪ್ಪ ಇರ್ತೈತೆ. ಬಡಿಸೋ ಹುಡುಗರ ಮುಖದಾಗೆ ನಗು ಇರ್ತೈತೆ."

"ಎಂಟನೇ ಪಂಕ್ತಿಗೆ ಕೂತ್ರೆ?"

"ಅನ್ನ ಇದ್ರೆ ಸಾರಿಲ್ಲ, ಸಾರಿದ್ರೆ ಅದು ನೀರು. ಹೋಳಿಗೆ ಕೇಳಿದ್ರೆ 'ಬರ್ತೈತೆ ಬರ್ತೈತೆ' ಅಂತಾರೆ. ನೆಲ ಎಲ್ಲ ಸಾರು ಚೆಲ್ಲಿ, ಕಾಲಿಟ್ರೆ ಜಾರಿ..."

"ಹಾಂ! ಜಾರಿ!" ಅಂತ ತಿಪ್ಪೇಶಿ ಕಟ್ಟೆ ಗುದ್ದಿದ. ಅರವತ್ತು ಗೇಟೂ ಹಾರಿಬಿದ್ದವು. "ನಿನ್ನ ಸ್ವಿಟ್ಜರ್ಲೆಂಡಿನೋನು ಮೊದಲ್ನೇ ಪಂಕ್ತಿ. ಸಾರಿಸಿದ ನೆಲ, ಬಿಸಿ ಹೋಳಿಗೆ. ಕಾಶ್ಮೀರದ ಹುಡುಗ ಕೊನೇ ಪಂಕ್ತಿ. ಅಷ್ಟು ಜನ ತುಳಿದು ಗುಂಡಿ ಬಿದ್ದ ದಾರಿ ಮೇಲೆ ಬೀಳದಂಗೆ ಉಂಡು ಎದ್ದು ಬಂದಾನೆ ಅಂದ್ರೆ, ಅವನೇ ಗಟ್ಟಿ."

ಬಸಣ್ಣ ಮೊದಲ ಸಲ ಸುಮ್ಮನಾದ. ಉಪವಾಸದಲ್ಲಿ ಹೋಳಿಗೆ ಮಾತು ಕೇಳಿ ಸುಮ್ಮನಾದನೋ, ವಾದಕ್ಕೆ ಸೋತು ಸುಮ್ಮನಾದನೋ ನಾನು ಕೇಳಲಿಲ್ಲ.

"ಅವತ್ತು ಇನ್ನೂ ಒಂದು ತಮಾಷೆ ಆಯ್ತು" ಅಂದ ಮಂಜ. "ಬೀಜಿಂಗ್‌ನಾಗೆ ರೇಸಿನ ದಾರಿ ಪೂರ್ತಿ ಮಷಿನ್ ಹಿಮ. ಸರಿಯಾಗಿ ಈ ಜೈಂಟ್ ಸ್ಲಾಲಂ ದಿನ, ಫೆಬ್ರವರಿ 13ಕ್ಕೆ, ನಿಜವಾದ ಹಿಮ ಸುರಿದುಬಿಡ್ತು. ಮುಂದಿನ ಗೇಟೇ ಕಾಣ್ತಿರಲಿಲ್ಲ. ಎರಡನೇ ಓಟ ಮುಂದಕ್ಕೆ ಹಾಕಿದ್ರು. 89ರಾಗೆ ಹತ್ತಿರತ್ತಿರ ಅರ್ಧ ಜನ ಗೇಟು ತಪ್ಪಿಯೋ ಬಿದ್ದೋ ಮುಗಿಸಲೇ ಇಲ್ಲ."

"ಎಲೆ ಮುಂದೆ ಕೂತು ಊಟ ಮಾಡದೇ ಎದ್ರು" ಅಂದ ತಿಪ್ಪೇಶಿ, ಅಡುಗೆಯವನ ನೋವಿನಿಂದ.

"ಬಿದ್ದೋರು ಅಂದ್ರೆ ಸಾಮಾನ್ಯದೋರಲ್ಲ" ಅಂದ್ರು ಮೇಷ್ಟ್ರು. "1998ರಲ್ಲಿ ಜಪಾನಿನ ನಾಗಾನೋದಲ್ಲಿ ಆಸ್ಟ್ರಿಯಾದ ಹರ್ಮನ್ ಮಾಯರ್ ಡೌನ್‌ಹಿಲ್‌ನಲ್ಲಿ ಗಾಳಿಯಲ್ಲಿ ಹಾರಿ, ಬೇಲಿ ಹರಿದು ಆಚೆ ಬಿದ್ದ. ಮೂರು ದಿನ ಬಿಟ್ಟು ಬಂದು ಸೂಪರ್ ಜಿ ಅನ್ನೋ ಇನ್ನೊಂದು ವೇಗದ ಓಟ ಗೆದ್ದ. ಅದೇ ವಾರ ಜೈಂಟ್ ಸ್ಲಾಲಂನಲ್ಲೂ ಚಿನ್ನ."

"ಅವನಿಗೆ ಯಾರು ಎಣ್ಣೆ ತಿಕ್ಕಿದ್ರೋ ಕೇಳಿ ಹೇಳ್ರಿ ಮೇಷ್ಟ್ರೇ. ನನಗೆ ಬಾತ್‌ರೂಮಿನಾಗೆ ಜಾರಿದ ಸೊಂಟ ಇನ್ನೂ ನೆಟ್ಟಗಾಗಿಲ್ಲ."

"45ನೇಯವನ ಅಕ್ಕಪಕ್ಕ ಯಾರಿದ್ರು?" ಅಂತ ನಾನು ಕೇಳಿದೆ. ನನಗೆ ಇದೇ ರುಚಿ. ಟೀವಿಯವರು ಮೊದಲ ಮೂವತ್ತು ಜನರನ್ನ ತೋರಿಸಿ ಎದ್ದು ಹೋಗ್ತಾರೆ, ಕಥೆ ಇರೋದು ಅಲ್ಲಿಂದ ಆಚೆ.

"44ನೇಯವನು ಸೌದಿ ಅರೇಬಿಯಾದ ಫಾಯಿಕ್ ಅಬ್ದಿ."

"ಮರಳುಗಾಡಿನೋನು!"

"46ನೇಯವನು ಜಮೈಕಾದ ಬೆಂಜಮಿನ್ ಅಲೆಕ್ಸಾಂಡರ್. ಮುಗಿಸಿದವರಲ್ಲಿ ಅವನೇ ಕೊನೆ. ಗೆದ್ದವನಿಗಿಂತ ಒಂದು ನಿಮಿಷದ ಮೇಲೆ ಹಿಂದೆ. ಮೊದಲು ಡಿ.ಜೆ. ಆಗಿದ್ದನಂತೆ."

"ಡಿ.ಜೆ. ಅಂದ್ರೆ ದುರ್ಗದ ಗಣಪತಿ ಬಿಡೋವಾಗ ಹಾಕ್ತಾರಲ್ಲ, ಅದಾ? ಹಂಗಾದ್ರೆ ಅವನು ಬದುಕಿ ಕೆಳಕ್ಕೆ ಬಂದಿದ್ದೇ ದೊಡ್ಡದು. ಆ ಸೌಂಡಿಗೆ ಹಿಮಾನೇ ಕುಸೀಬೇಕಿತ್ತು" ಅಂದ ಬಸಣ್ಣ. ಅವನ ಮುಖದಲ್ಲಿ ಈಗ 45ನೇ ಸ್ಥಾನದ ಬಗ್ಗೆ ಒಂಥರಾ ಮನೆಯವರ ಅಭಿಮಾನ ಬಂದಿತ್ತು. "ನಮ್ಮ ಹುಡುಗ ಡಿ.ಜೆ.ಯೋನನ್ನ ಹಿಂದೆ ಹಾಕಿದ, ಅಲ್ವಾ?"

"ಇನ್ನೊಂದು ಕೇಳ್ರಿ. ಒಲಿಂಪಿಕ್ಸ್ ತಯಾರಿಗೆ ಅಂತ ಆರಿಫ್ ಮದುವೇನೇ ಮುಂದಕ್ಕೆ ಹಾಕಿದ್ದ."

ತಿಪ್ಪೇಶಿ ಬಿಳಿಚಿಕೊಂಡ. "ಛತ್ರ ಹಿಡಿದಿದ್ರಾ? ಅಡುಗೆಯವನಿಗೆ ಅಡ್ವಾನ್ಸ್ ಕೊಟ್ಟಿದ್ರಾ?"

"ಅದೆಲ್ಲ ಪೇಪರ್‌ನಾಗೆ ಬರಲ್ಲ ಅಣ್ಣ."

"ಬರಬೇಕಿತ್ತು. ಆ ಮನುಷ್ಯ ಎಷ್ಟು ಕೇಜಿ ಬಾಸ್ಮತಿ ತಂದಿಟ್ಟಿದ್ನೋ."

ಗುಡಿಯೊಳಗೆ ಭಜನೆಯ ತಂಡ ಬದಲಾಯ್ತು. ಹೊಸ ತಂಡದ ತಬಲಾದವನಿಗೂ ಹಾರ್ಮೋನಿಯಂನವನಿಗೂ ಗೇಟು ಬೇರೆಬೇರೆ ಕಡೆ ಕಾಣ್ತಿದ್ದ ಹಾಗಿತ್ತು. ಮೇಷ್ಟ್ರು ಬೀಜ ಮತ್ತೆ ಜೋಡಿಸ್ತಾ ಎರಡನೇ ಓಟದ ನಿಯಮ ಹೇಳಿದ್ರು. "ಇದರಲ್ಲಿ ಮೊದಲ ಓಟದ ಮೊದಲ 30 ಜನರನ್ನ ತಿರುವಿ ಹಾಕ್ತಾರೆ. 30ನೇಯವನು ಮೊದಲು ಇಳೀತಾನೆ. ಮುಂದಿದ್ದವನು ಆ ಮೂವತ್ತರಲ್ಲಿ ಕೊನೆಗೆ. ಎಲ್ಲರೂ ತುಳಿದ ದಾರಿಯಲ್ಲಿ ಬಂದು ತನ್ನ ಮುನ್ನಡೆ ಉಳಿಸ್ಕೋಬೇಕು. ನಿನ್ನೆ ಬ್ರೆಜಿಲ್‌ನವನು ಅದನ್ನೇ ಮಾಡಿದ್ದು. ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚಿನಲ್ಲಿ ಗೆದ್ದ. ಬೆಳ್ಳಿಗೆ ತೃಪ್ತಿಪಟ್ಟವನು ಯಾರು ಗೊತ್ತಾ? ಅದೇ ಒಡರ್‌ಮಾಟ್."

ತಿಪ್ಪೇಶಿ ಇದನ್ನ ಬಹಳ ಹೊತ್ತು ಯೋಚಿಸಿದ. "ಮದುವೇಲಿ ಹಿಂಗೆ ಮಾಡಿದ್ರೆ? ಮಧ್ಯಾಹ್ನ ಕೊನೆಗೆ ಕೂತವರಿಗೆ ರಾತ್ರಿ ಮೊದಲ್ನೇ ಪಂಕ್ತಿ."

"ಬೀಗರು ನಿನ್ನ ಕೊಪ್ಪರಿಗೇಲಿ ಅದ್ದುತಾರೆ" ಅಂದೆ ನಾನು.

"31ನೇಯವನಿಗೆ ಏನು ಗತಿ?" ಬಸಣ್ಣ ಕೇಳಿದ.

"ಅವರನ್ನ ತಿರುವಲ್ಲ. ಅವರು ಹಿಂದೇನೇ."

"ನೋಡಿದ್ಯಾ! ನ್ಯಾಯ ಅನ್ನೋದು ಮೊದಲ್ನೇ ಮೂವತ್ತು ಜನಕ್ಕೆ. ಎಲ್ಲಾ ಕಡೆ ಇದೇ ಕಥೆ" ಅಂದು ಬಸಣ್ಣ ಕೊನೇ ಖರ್ಜೂರ ಬಾಯಿಗೆ ಹಾಕ್ಕೊಂಡು, ಕಂಬಕ್ಕೊರಗಿ, ಎರಡೇ ನಿಮಿಷದಲ್ಲಿ ಗೊರಕೆ ಶುರು ಮಾಡಿದ.

ಮೇಷ್ಟ್ರು ಕೊನೇ ಪಂಕ್ತಿಯವರ ಹಿರಿಮೆ ಬಗ್ಗೆ ಬೆಳಗಿನ ಜಾವದವರೆಗೂ ಮಾತಾಡಿದ್ರು. ಹಿಂದೆ ಇಳಿಯೋನಿಗೆ ಬೇಕಾದ ಸಹನೆ, ಚಪ್ಪಾಳೆ ಇಲ್ಲದೆ ಗುರಿ ಮುಟ್ಟೋ ಘನತೆ, ಹೀಗೆ. ತಿಪ್ಪೇಶಿ ಯಾವಾಗ ಎದ್ದು ಒಲೆ ಕಡೆ ಹೋದನೋ ಗೊತ್ತಿಲ್ಲ. ಅಂತೂ ಒಗ್ಗರಣೆ ವಾಸನೆ ಬಂತು. ಗುಡಿ ಹಿಂದಿನಿಂದ ಅವನ ಕೂಗು ಕೇಳಿಸ್ತು: "ಎಲೆ ಹಾಕಿದ್ದೀವಿ, ಬರ್ರಪ್ಪೋ!"

ನಾನು ತಿರುಗಿ ನೋಡೋದ್ರೊಳಗೆ ಮೇಷ್ಟ್ರು ಇರಲಿಲ್ಲ. ಮೊದಲ್ನೇ ಪಂಕ್ತಿಯ ಮೊದಲ್ನೇ ಎಲೆ ಮುಂದೆ, ಪಂಚೆ ಸರಿಮಾಡ್ಕೊಂಡು, ನೀರು ಚಿಮುಕಿಸ್ತಾ ಕೂತಿದ್ರು. ನಾನೂ ಮಂಜಾನೂ ಹೆಂಗೋ ಪಕ್ಕಕ್ಕೆ ತೂರಿಕೊಂಡ್ವಿ. ಭಜನೆಯವರು, ಊರಿನವರು, ಎಲ್ಲಿಂದಲೋ ಬಂದ ಇನ್ನೊಂದು ಓಣಿಯವರು ಸೇರಿ ಸಾಲು ಬಾಗಿಲಾಚೆ ಹೋಯ್ತು. ಆಗ ಎಚ್ಚರಾಗಿ ಸೊಂಟ ಹಿಡ್ಕೊಂಡು ಓಡಿಬಂದ ಬಸಣ್ಣ, ಸಾಲಿನ ತುದಿಯಲ್ಲಿ ನಿಂತು, ಎಲ್ಲರ ತಲೆ ಮೇಲಿಂದ ಕೂಗಿದ:

"ಲೇ ತಿಪ್ಪೇಶಿ! ಇದು ಎರಡನೇ ಓಟ ಕಣಲೇ! ತಿರುವಿ ಹಾಕಲೇ ಸಾಲನ್ನ!"