ಪದ ಬೇಕು (ತುರ್ತು): ಹೂವು ಹಾಕಿ ಮಾಡುವ ಐಸ್ ಹೋಲ್ಡರ್‌ಗೆ

ಎಲ್ಲರಿಗೂ ನಮಸ್ಕಾರ. ಮಕ್ಕಳ ಬೇಸಿಗೆ ಶಿಬಿರಕ್ಕೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು.

ವಸ್ತು ಹೀಗಿದೆ. ದೊಡ್ಡ ಪ್ಲಾಸ್ಟಿಕ್ ಡಬ್ಬದೊಳಗೆ ಸಣ್ಣ ಡಬ್ಬ ಇಟ್ಟು, ನಡುವಿನ ಜಾಗಕ್ಕೆ ನೀರು ಹೊಯ್ಯುತ್ತಾರೆ. ಗುಲಾಬಿ ಎಸಳು, ನಿಂಬೆ ಬಿಲ್ಲೆ, ಪುದೀನ ಹಾಕಿ ಫ್ರೀಜರಿನಲ್ಲಿಡುತ್ತಾರೆ. ಒಂದೇ ಸಲ ತುಂಬಿಸಿದರೆ ಹೂವೆಲ್ಲ ಮೇಲೆ ತೇಲುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಹೊಯ್ದು ಗಟ್ಟಿಯಾಗಲು ಬಿಡಬೇಕು. ನೀರು ಗಟ್ಟಿಯಾದಾಗ ಸುಮಾರು 9% ಹಿಗ್ಗುವುದರಿಂದ ಗಾಜಿನ ಡಬ್ಬ ಬೇಡ. ಡಬ್ಬ ಕಳಚಿದರೆ ಐಸಿನದೇ ಒಂದು ಪಾತ್ರೆ ಸಿಗುತ್ತದೆ. ಅದರೊಳಗೆ ಶರಬತ್ತಿನ ಬಾಟಲಿ ನಿಲ್ಲಿಸಿ, ಕೆಳಗೊಂದು ತಟ್ಟೆ ಇಟ್ಟು, ಪಾರ್ಟಿಯ ಮೇಜಿನ ಮೇಲಿಡುವುದು.

ಸದ್ಯಕ್ಕೆ 'ಹಿಮಧಾರಕ' ಎಂದಿದೆ. ಮಕ್ಕಳು ಓದುವುದು, ಮನಸ್ಸು ಒಪ್ಪುತ್ತಿಲ್ಲ. 'ಐಸಿನ ಪಾತ್ರೆ' ಸಾಕಾ?

ಮರು:
ಹಿಮಧಾರಕ ಬೇಡವೇ ಬೇಡ. ಐಸ್ ಕೂಡ ಬೇಡ. ಆಲಿಕಲ್ಲಿನಲ್ಲಿರುವ 'ಆಲಿ' ನಮ್ಮದೇ ಪದ. ತಮಿಳಿನ ಆಲಂಗಟ್ಟಿಯಲ್ಲೂ ಅದೇ ಇದೆ. 'ಆಲಿಗೂಡು' ಅನ್ನಿ, ಮುಗಿಯಿತು. ಹಿಮಗೂಡು ಅಂದರೆ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆಸೆದ ಸಮಾಸ. ಐಸ್‌ಗೂಡು ಅದಕ್ಕಿಂತ ಕೆಟ್ಟದ್ದು.

ಮರು: ಮರು:
'ಆಲಿ' ಅಂದರೆ ಇವತ್ತು ಜನಕ್ಕೆ ಕಣ್ಣಾಲಿ ನೆನಪಾಗುತ್ತದೆ. ಮಕ್ಕಳ ಕೈಪಿಡಿಗೆ ಅದು ನಡೆಯಲ್ಲ.

ಆದರೆ ಗೂಡು ಒಳ್ಳೆಯ ಆಯ್ಕೆ. ಮೇಡಂ, 'ಐಸಿನ ಪಾತ್ರೆ'ಯಲ್ಲಿ ತೊಡಕಿರುವುದು ಷಷ್ಠಿ ವಿಭಕ್ತಿಯಲ್ಲಿ, ಅಂದರೆ 'ಐಸಿನ' ಅನ್ನುವಾಗ ಕೊನೆಗೆ ಬರುವ 'ಇನ'ದಲ್ಲಿ. ಮಣ್ಣಿನ ಮಡಕೆ, ನೀರಿನ ಮಡಕೆ ಎರಡಕ್ಕೂ ಅದೇ ಪ್ರತ್ಯಯ. ಓದುವವರು ಐಸ್ ತುಂಬಿಡುವ ಬಕೆಟ್ ಅಂದುಕೊಳ್ಳುತ್ತಾರೆ. ಇಲ್ಲಿ ಐಸೇ ಪಾತ್ರೆ. ಹಕ್ಕಿಗೂಡು, ಇರುವೆಗೂಡು ನೋಡಿ: ಒಳಗೆ ಇರುವುದರ ಹೆಸರು ಮೊದಲು ಬರುತ್ತದೆ. ಹಾಗೇ 'ಬಾಟಲಿಗೂಡು'. ಅದರ ಹಿಂದೆ 'ಐಸಿನ' ಸೇರಿಸಿದರೆ ಯಾವುದರಿಂದ ಮಾಡಿದ್ದು ಅನ್ನುವುದೂ ತಿಳಿಯುತ್ತದೆ.

ಅರಿಸಮಾಸದ ಮಾತು ಇಲ್ಲಿ ಯಾಕೆ? ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲಿ ತಡೆದದ್ದು ಸಂಸ್ಕೃತ, ಕನ್ನಡಗಳ ಬೆರಕೆಯನ್ನು. ಬಿರುದುಗಳಿಗೆ, ಹಿಂದಿನ ಕವಿಗಳು ಬಳಸಿದ್ದಕ್ಕೆ ಅವನೇ ವಿನಾಯಿತಿ ಕೊಟ್ಟಿದ್ದಾನೆ. 'ಮಳೆಗಾಲ' ಕೂಡ ಬೆರಕೆಯೇ. ಅದನ್ನು ಬಿಡುತ್ತೀರಾ? ಹೊರಗಿನ ಪದ ಬೇಡ ಅಂದರೆ ಶರಬತ್ತು, ಮೇಜು, ಸೀಸೆ, ಕೂಜ ಎಲ್ಲಕ್ಕೂ ಬಾಗಿಲು ಹಾಕಬೇಕು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹಡಗಿನಲ್ಲಿ ಐಸ್ ಕಲ್ಕತ್ತೆಗೆ ಬಂತು. ಆಮೇಲೆ ಮದ್ರಾಸಿಗೂ ಬಂತು, ಅಲ್ಲಿ ಅದನ್ನಿಡಲು ಕಟ್ಟಿಸಿದ ಐಸ್ ಹೌಸ್ ಇವತ್ತಿಗೂ ನಿಂತಿದೆ. ವಸ್ತುವಿನ ಜೊತೆ ಹೆಸರೂ ಇಳಿಯಿತು. ಅದರಲ್ಲಿ ತಪ್ಪೇನಿದೆ?

ಮರು: ಮರು: ಮರು:
ತಪ್ಪಿದೆ. ಕಣ್ಣಾಲಿ ಬೇರೆ, ಆಲಿಕಲ್ಲು ಬೇರೆ. ಸಂದರ್ಭ ನೋಡಿದರೆ ಯಾವ ಮಗುವಿಗೂ ತಿಳಿಯುತ್ತದೆ. ಆಲಿ ಬೇಡವಾದರೆ ಮಂಜುಗಡ್ಡೆ ಎಲ್ಲಿ ಹೋಯಿತು? ತೆಲುಗಿನಲ್ಲಿ ಮಂಚುಗಡ್ಡ, ತಮಿಳಿನಲ್ಲಿ ಪನಿಕ್ಕಟ್ಟಿ. ಅಕ್ಕಪಕ್ಕದವರೂ ಮಂಜನ್ನು ಗಡ್ಡೆ ಕಟ್ಟಿಸಿಯೇ ಹೆಸರಿಟ್ಟಿದ್ದಾರೆ. ಹೆಸರು ಹಡಗಿನಿಂದಲೇ ಇಳಿಯಬೇಕಿರಲಿಲ್ಲ. ಕೈಪಿಡಿಯಲ್ಲೂ ಐಸ್ ಅಂತಲೇ ಬರೆದರೆ ಮಕ್ಕಳು ಮಂಜುಗಡ್ಡೆಯನ್ನು ಇನ್ನೆಲ್ಲಿ ಓದಬೇಕು? ನನಗೆ ಇದು ಸಣ್ಣ ವಿಷಯ ಅಲ್ಲ.

ಮರು: ಮರು: ಮರು: ಮರು:
ಇಬ್ಬರಿಗೂ ಧನ್ಯವಾದ. ತಲೆಬರಹದಲ್ಲಿ 'ಐಸಿನ ಬಾಟಲಿಗೂಡು' ಹಾಕುತ್ತೇನೆ. ಮಾಡುವ ವಿಧಾನದ ಉದ್ದಕ್ಕೂ ಮಂಜುಗಡ್ಡೆ ಅಂತಲೇ ಇರುತ್ತದೆ. ಇನ್ನೊಂದೇ ಪ್ರಶ್ನೆ. ಹೊರಗಿನ ಡಬ್ಬಕ್ಕೆ 'ಅಚ್ಚು' ಸರಿ, ಆದರೆ ಒಳಗೆ ಜಾಗ ಉಳಿಸಲು ಇಡುವ ಸಣ್ಣ ಡಬ್ಬವನ್ನೂ ಅಚ್ಚು ಅನ್ನಬಹುದಾ? ಇಲ್ಲದಿದ್ದರೆ 'ಒಳಡಬ್ಬ' ಅಂತ ಬರೆದುಬಿಡುತ್ತೇನೆ. ಬೆಳಗ್ಗೆಯೊಳಗೆ ತಿಳಿಸಿ.